ನಿಂತಲ್ಲೇ ಒಣಗಿದ ಮರ, ಕುಸಿಯದ ಗೋಡೆ

ಅಮೆರಿಕದ ಬೆಟ್ಟಗಳಲ್ಲಿ ಅಕ್ಕಿಕಾಳಿನಷ್ಟು ಹುಳು ಕೊಂದು ನಿಲ್ಲಿಸಿದ ಕೋಟಿಗಟ್ಟಲೆ ಪೈನ್ ಮರಗಳು. ಫಿನ್ಲೆಂಡಿನ ಹಿಮನಾಡಿನಲ್ಲಿ ಶತಮಾನಗಳು ಬದುಕಿ, ಸತ್ತ ಮೇಲೂ ನಿಂತೇ ಇರುವ ಬೆಳ್ಳಿ ಬಣ್ಣದ ಕಾಂಡಗಳು. ದಿಮ್ಮಿ ಮನೆ ಕಟ್ಟುವವರು ಎರಡಕ್ಕೂ ಮುಗಿಬೀಳುತ್ತಾರೆ. ಒಂದನ್ನು ಬಳಸಿದಷ್ಟೂ ಒಳ್ಳೆಯದು. ಇನ್ನೊಂದನ್ನು ಮುಟ್ಟದಿದ್ದರೇ ಒಳ್ಳೆಯದು!

ಮರ ಆರಿಸಲು ಬಂದವನು ಕೊಡಲಿಯನ್ನು ತಿರುವಿ ಹಿಡಿದು ಹಿಂಬದಿಯಿಂದ ಕಾಂಡಕ್ಕೆ ಒಂದೇಟು ಕೊಡುತ್ತಾನೆ. ಠಣ್ ಎಂದರೆ ಬಣ್ಣದ ಗುರುತು ಬಳಿಯುತ್ತಾನೆ. ದಬ್ ಎಂದರೆ ಮುಂದಿನ ಮರಕ್ಕೆ ಹೋಗುತ್ತಾನೆ.

ಜಾಗ ಕೊಲರಾಡೊದ ರಾಕಿ ಪರ್ವತಗಳು, ಎತ್ತರ ಒಂಬತ್ತು ಸಾವಿರ ಅಡಿ. ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕಾಂಡಗಳು. ಒಂದರಲ್ಲೂ ಎಲೆಯಿಲ್ಲ. ತೊಗಟೆ ಅಲ್ಲಲ್ಲಿ ಹಾಳೆ ಹಾಳೆಯಾಗಿ ಕಳಚಿ ಬುಡದಲ್ಲಿ ಬಿದ್ದಿದೆ.

ಕೊಯ್ಯುವ ಮುಂಚೆ ಮೇಲೆ ನೋಡಬೇಕು. ಹಸಿ ಮರ ಬಾಗುತ್ತದೆ, ಒಣಮರ ಮುರಿಯುತ್ತದೆ. ಗರಗಸದ ಅದುರಿಗೇ ತುದಿ ತುಂಡಾಗಿ ಕೊಯ್ಯುವವನ ತಲೆಯ ಮೇಲೆ ಬೀಳಬಹುದು. ಈ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ.

ಮರ ಉರುಳಿದ ಮೇಲೆ ಕೊಯ್ದ ಮೈ ನೋಡಬೇಕು. ನಡುವೆ ತಿಳಿಹಳದಿ ಚೇಗು, ಸುತ್ತ ಹೊರಗಿನ ಬಿಳಿಮರ ಇರಬೇಕಾದ ಕಡೆ ಮಸಿ ಚೆಲ್ಲಿದ ಹಾಗೆ ನೀಲಿ. ಆ ನೀಲಿಯ ಕಥೆಗೆ ಆಮೇಲೆ ಬರೋಣ. ಮೊದಲು ತೇವ ಅಳೆಯುವ, ಎರಡು ಮೊಳೆಯ ಪುಟ್ಟ ಮೀಟರನ್ನು ಮರಕ್ಕೆ ಚುಚ್ಚುತ್ತಾರೆ. ಅಂಕಿ ಶೇ 20ಕ್ಕಿಂತ ಕೆಳಗಿದ್ದರೆ ದಿಮ್ಮಿ ಲಾರಿ ಹತ್ತುತ್ತದೆ.

ನೀರಿನ ಲೆಕ್ಕ

ಡಿಸೆಂಬರ್ ಬಂತೆಂದರೆ ನಮ್ಮವರ ಮೊಬೈಲಿನಲ್ಲಿ ದಿಮ್ಮಿ ಮನೆಗಳ ರೀಲ್ಸ್ ಶುರುವಾಗುತ್ತವೆ. ಲ್ಯಾಪ್‌ಲ್ಯಾಂಡಿನಲ್ಲಿ ಉತ್ತರ ಧ್ರುವಪ್ರಭೆ ನೋಡಲು ಹೋದ ಬೆಂಗಳೂರಿನ ಜೋಡಿ, ಡೆನ್ವರಿನಿಂದ ವಾರಾಂತ್ಯಕ್ಕೆ ಬೆಟ್ಟ ಹತ್ತಿದ ಕನ್ನಡ ಕುಟುಂಬ. ಹಿಂದೆ ಹಿಮ, ಮುಂದೆ ಬೆಂಕಿಗೂಡು, ಸುತ್ತ ತೋಳು ಚಾಚಿದರೂ ಬಳಸಲಾಗದಂಥ ದಿಮ್ಮಿಗಳ ಗೋಡೆ. ಕೆಳಗೆ ಕಾಮೆಂಟು: ಚಿಕ್ಕಮಗಳೂರಿನಲ್ಲಿ ಇಂಥದ್ದೊಂದು ಹೋಮ್‌ಸ್ಟೇ ಕಟ್ಟಬಹುದಲ್ವಾ?

ಕಟ್ಟಬಹುದು. ಆದರೆ ಆ ಗೋಡೆ ಕುಳಿತುಕೊಳ್ಳುತ್ತದೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಬಾಗಿಲು ಚೌಕಟ್ಟನ್ನು ಕಚ್ಚಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಮರ ನೀರು ಕುಡಿಯುತ್ತದೆ, ನೀರು ಬಿಡುತ್ತದೆ. ಅದರಂತೆ ಉಬ್ಬುತ್ತದೆ, ಕುಗ್ಗುತ್ತದೆ. ಒಂದು ಬಾಗಿಲಿನ ಮಟ್ಟಿಗೆ ಇದು ಆಚಾರಿ ಬಂದು ಕೀಸುಳಿ ಆಡಿಸಿದರೆ ಮುಗಿಯುವ ಕೆಲಸ. ಇಡೀ ಮನೆಯೇ ಮರವಾದರೆ?

ಮರದ ತೇವವನ್ನು ಅದರ ಒಣ ತೂಕಕ್ಕೆ ಹೋಲಿಸಿ ಶೇಕಡಾದಲ್ಲಿ ಹೇಳುವುದು ರೂಢಿ. ಹಾಗಾಗಿ ಅಂಕಿ ನೂರು ದಾಟಿದರೂ ಬೆಚ್ಚಬೇಕಿಲ್ಲ. ದಿಮ್ಮಿ ಮನೆಗೆ ಹೆಚ್ಚು ಬಳಕೆಯಾಗುವ ಲಾಡ್ಜ್‌ಪೋಲ್ ಪೈನ್ ಮರದ ಬಿಳಿಮರದಲ್ಲಿ, ಅದು ಜೀವಂತ ಇದ್ದಾಗ, ಸುಮಾರು ಶೇ 120ರಷ್ಟು ನೀರು. ಚೇಗಿನಲ್ಲಿ ಶೇ 40ರ ಆಸುಪಾಸು.

ಮರ ಸತ್ತ ಮೇಲೆ ಮೊದಲು ಹೋಗುವುದು ನಾಳಗಳೊಳಗೆ ತುಂಬಿದ್ದ ನೀರು. ಆಗ ತೂಕ ಇಳಿಯುತ್ತದೆ, ಗಾತ್ರ ಇಳಿಯುವುದಿಲ್ಲ. ತೇವ ಶೇ 28-30ಕ್ಕೆ ಬಂದಾಗ ನಾಳ ಖಾಲಿ. ಇನ್ನು ಹೋಗಬೇಕಾದದ್ದು ನಾರಿನ ಗೋಡೆಯೊಳಗೇ ಅವಿತಿರುವ ನೀರು. ಅದು ಹೊರಟಾಗ ಮರ ಕುಗ್ಗತೊಡಗುತ್ತದೆ. ಬಿರುಕು, ತಿರುಚು, ಸೊಟ್ಟ ಎಲ್ಲವೂ ಶುರುವಾಗುವುದು ಇಲ್ಲಿಂದಲೇ.

ಕುಗ್ಗುವುದರಲ್ಲೂ ಮರಕ್ಕೊಂದು ಪಕ್ಷಪಾತವಿದೆ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಶೇ 0.1-0.2. ಅಡ್ಡಕ್ಕೆ ಕುಗ್ಗುವುದು ಜೋರು. ಲಾಡ್ಜ್‌ಪೋಲ್ ಪೂರ್ತಿ ಒಣಗಿದರೆ ನಡುವಿನಿಂದ ಹೊರಕ್ಕೆ ಶೇ 4.3, ಉಂಗುರದ ಗುಂಟ ಶೇ 6.7. ದಿಮ್ಮಿ ಮನೆಯ ಗೋಡೆಯಲ್ಲಿ ಮರಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸುವುದು. ಎಂದರೆ, ಮರ ಯಾವ ದಿಕ್ಕಿನಲ್ಲಿ ಹೆಚ್ಚು ಕುಗ್ಗುತ್ತದೋ ಅದೇ ದಿಕ್ಕು ಗೋಡೆಯ ಎತ್ತರ.

ಒಂದಡಿ ದಪ್ಪದ ಎಂಟು ಹಸಿ ದಿಮ್ಮಿ ಪೇರಿಸಿದ ಎಂಟಡಿ ಗೋಡೆ. ಪ್ರತಿ ದಿಮ್ಮಿ ಒಂದು ಸೆಂಟಿಮೀಟರಿನಷ್ಟು ಕುಗ್ಗಿದರೂ ಎಂಟು ಸೆಂಟಿಮೀಟರು ಹೋಯಿತು. ಮೇಲಿನ ಭಾರಕ್ಕೆ ಕಚ್ಚುಗಳು ಅದುಮಿಕೊಳ್ಳುವುದು ಬೇರೆ. ನಾಲ್ಕರಿಂದ ಆರಿಂಚು ಗೋಡೆ ಇಳಿಯುತ್ತದೆ ಎಂದು ಕಟ್ಟುವವರು ಮೊದಲೇ ಲೆಕ್ಕ ಹಾಕಿರುತ್ತಾರೆ.

ಇಳಿಯುವುದಷ್ಟೇ ಆದರೆ ಚಿಂತೆಯಿಲ್ಲ. ಗೋಡೆ ಇಳಿಯುತ್ತದೆ, ನೆಟ್ಟಗೆ ನಿಲ್ಲಿಸಿದ ಕಂಬ ಇಳಿಯುವುದಿಲ್ಲ. ಕಿಟಕಿಯ ಗಾಜೂ ಇಳಿಯುವುದಿಲ್ಲ, ನಲ್ಲಿಯ ಪೈಪೂ ಇಳಿಯುವುದಿಲ್ಲ, ಕಲ್ಲಿನ ಬೆಂಕಿಗೂಡಂತೂ ಕೇಳುವುದೇ ಬೇಡ. ಹಾಗಾಗಿ ಕಿಟಕಿಯ ತಲೆಯ ಮೇಲೆ ಖಾಲಿ ಜಾಗ ಬಿಟ್ಟು ಪಟ್ಟಿಯಿಂದ ಮುಚ್ಚುತ್ತಾರೆ. ಕಂಬದ ಕೆಳಗೆ ಸ್ಕ್ರೂ ಜಾಕ್ ಇಟ್ಟು, ವರ್ಷಗಟ್ಟಲೆ, ಆಗಾಗ ಸ್ಪ್ಯಾನರ್ ಹಿಡಿದು ತಿರುಗಿಸುತ್ತಾರೆ. ಮನೆ ಕಟ್ಟಿ ಗೃಹಪ್ರವೇಶ ಮಾಡಿ ಮೂರನೇ ವರ್ಷವೂ ಕಂಬ ಇಳಿಸುವ ಕೆಲಸ!

ನಿಂತಲ್ಲೇ ಒಣಗಿದ ಮರಕ್ಕೆ ಬೆಲೆ ಬಂದದ್ದು ಇಲ್ಲಿ. ಆ ಕುಗ್ಗಾಟದ ದೊಡ್ಡ ಪಾಲನ್ನು ಅದು ಕಾಡಿನಲ್ಲೇ ಮುಗಿಸಿ ಬಂದಿರುತ್ತದೆ. ಶೇ 15ರ ತೇವದ ದಿಮ್ಮಿ ಮನೆಯೊಳಗಿನ ಶೇ 10ಕ್ಕೆ ಇಳಿದರೆ ಅದೇ ಎಂಟಡಿ ಗೋಡೆ ಇಳಿಯುವುದು ಹೆಚ್ಚೆಂದರೆ ಒಂದಿಂಚು.

ತೂಕದ ಲಾಭವೂ ಇದೆ. ಒಂದಡಿ ದಪ್ಪ, ಇಪ್ಪತ್ತಡಿ ಉದ್ದದ ಲಾಡ್ಜ್‌ಪೋಲ್ ದಿಮ್ಮಿ ಹಸಿಯಾಗಿದ್ದರೆ ಸುಮಾರು 265 ಕಿಲೊ, ಒಣಗಿದ್ದರೆ 200ರೊಳಗೆ. ಬೆಟ್ಟದ ದಾರಿಯಲ್ಲಿ ಲಾರಿ ಬಾಡಿಗೆ ಕೊಡುವವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

> ಒಣಗಿಸಲು ಎಷ್ಟು ಕಾಲ?
> ಹಲಗೆಯಾದರೆ ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಿಸಬೇಕು ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಇಡೀ ದಿಮ್ಮಿಗೆ ವರ್ಷಗಟ್ಟಲೆ ಬೇಕು. ಅಷ್ಟು ಕಾಲ ಜಾಗವೂ ದುಡ್ಡೂ ಕಟ್ಟಿಹಾಕಲು ಯಾವ ವ್ಯಾಪಾರಿಯೂ ತಯಾರಿಲ್ಲ. ಬಿಸಿಗೂಡಿನಲ್ಲಿಟ್ಟು ಅವಸರ ಮಾಡಿದರೆ ಹೊರಮೈ ಬೇಗ ಒಣಗಿ, ಒಳಗೆ ನೀರು ಉಳಿದು, ದಿಮ್ಮಿ ಸೀಳುತ್ತದೆ.

ಕೊಂದದ್ದು ಯಾರು?

ಇಷ್ಟೊಂದು ಒಣಮರ ಬಂದದ್ದಾದರೂ ಎಲ್ಲಿಂದ? ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಉತ್ತರ ಅರ್ಧ ಗೊತ್ತು. ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಹೇಗೆ ಒಳಗಿಂದೊಳಗೆ ಮುಗಿಸುತ್ತದೆ ಎಂದು ಕಂಡವರು ಅವರು. ಉತ್ತರ ಅಮೆರಿಕದಲ್ಲಿ ಆ ಕೆಲಸ ಮಾಡಿದ್ದು ಮೌಂಟನ್ ಪೈನ್ ಬೀಟಲ್. ಉದ್ದ ಐದು ಮಿಲಿಮೀಟರು.

ಬೇಸಿಗೆಯಲ್ಲಿ ಹೆಣ್ಣು ಹುಳು ಹಾರಿ ಬಂದು ತೊಗಟೆ ಕೊರೆಯುತ್ತದೆ. ಒಂದು ವಾಸನೆ ಬಿಟ್ಟು ಬಳಗವನ್ನೆಲ್ಲ ಕರೆಯುತ್ತದೆ. ಮರ ಸುಮ್ಮನಿರುವುದಿಲ್ಲ, ರಾಳ ಸುರಿಸಿ ಹುಳುವನ್ನು ಹೊರದೂಡಲು ನೋಡುತ್ತದೆ. ಕಾಂಡದ ಮೇಲೆ ಹೆಪ್ಪುಗಟ್ಟಿದ ರಾಳದ ಗಂಟುಗಳು ಆ ಕಾದಾಟದ ಕುರುಹು. ಬರದಿಂದ ಬಳಲಿದ, ಎಂಬತ್ತು ವರ್ಷ ದಾಟಿದ ಮರ ಸಾಮಾನ್ಯವಾಗಿ ಸೋಲುತ್ತದೆ.

ಹುಳು ಒಂಟಿಯಾಗಿ ಬರುವುದಿಲ್ಲ, ಬಾಯಲ್ಲಿ ಶಿಲೀಂಧ್ರದ ಬೀಜಕಣ ಹೊತ್ತು ತರುತ್ತದೆ. ಅದು ಬಿಳಿಮರದೊಳಗೆ ಹಬ್ಬಿ ನೀರಿನ ದಾರಿ ಕಟ್ಟುತ್ತದೆ. ಕೊಯ್ದ ಮೈಯಲ್ಲಿ ಕಂಡ ನೀಲಿ ಇದರದ್ದೇ. ಮರುವರ್ಷ ಎಲೆ ಕೆಂಪಾಗುತ್ತದೆ, ಮೂರ್ನಾಲ್ಕು ವರ್ಷಕ್ಕೆ ಉದುರಿ ಮರ ಬೂದಾಗುತ್ತದೆ. ಬೇರಿನಿಂದ ನೀರು ಬರುವುದಿಲ್ಲ, ಬೆಟ್ಟದ ಒಣಗಾಳಿ ಬಿಡುವುದಿಲ್ಲ. ನೆಟ್ಟಗೆ ನಿಂತಿರುವುದರಿಂದ ನೆಲದ ತೇವವೂ ಮೈಗೆ ತಾಗುವುದಿಲ್ಲ. ಹಾಗೆ ಕೊಳೆಯುವ ಮುಂಚೆ ಒಣಗಿಬಿಡುತ್ತದೆ.

ಈ ಹುಳು ಹೊಸದಲ್ಲ. ಸುಮಾರು ಮೈನಸ್ 40 ಡಿಗ್ರಿಯ ಚಳಿ ಕೆಲವು ದಿನ ಹಿಡಿದುಕೊಂಡರೆ ತೊಗಟೆಯೊಳಗಿನ ಮರಿಗಳು ಸಾಯುತ್ತವೆ. ಅಂಥ ಚಳಿಗಾಲಗಳು ಅಪರೂಪವಾದವು. ಕಾಳ್ಗಿಚ್ಚನ್ನು ದಶಕಗಟ್ಟಲೆ ಆರಿಸಿಕೊಂಡು ಬಂದದ್ದರಿಂದ ಕಾಡಿನ ತುಂಬ ಒಂದೇ ವಯಸ್ಸಿನ ಮುದಿ ಮರಗಳು. ಹುಳುವಿಗೆ ಹಬ್ಬ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೊಂದರಲ್ಲೇ 1990ರ ದಶಕದ ಕೊನೆಯಿಂದ ಹುಳು ಹೊಕ್ಕ ಕಾಡು ಸುಮಾರು 1.8 ಕೋಟಿ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣ 1.92 ಕೋಟಿ ಹೆಕ್ಟೇರ್. ಬೀದರಿನಿಂದ ಚಾಮರಾಜನಗರದವರೆಗೆ ನಡುನಡುವೆ ಕೆಂಪಾದ ಕಾಡನ್ನು ಊಹಿಸಿಕೊಳ್ಳಿ.

ಕೊಂದದ್ದನ್ನು ಏನು ಮಾಡುವುದು? ಬಿಟ್ಟರೆ ಹಲವು ಮರಗಳು ಕೆಲವೇ ವರ್ಷಗಳಲ್ಲಿ ಬುಡ ಕೊಳೆತು ಉರುಳುತ್ತವೆ. ಹಿಡಿದಿಟ್ಟ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಗೋಡೆಯಾದರೆ ಅದು ನೂರು ವರ್ಷ ಅಲ್ಲೇ ಇರುತ್ತದೆ. ನೀಲಿ ಬಣ್ಣ ಕಂಡು ಮೊದಮೊದಲು ಕೊಳ್ಳುವವರು ಮೂಗು ಮುರಿದರು. ಅದು ಕೊಳೆಯಲ್ಲ, ಬಲವನ್ನೂ ಹೇಳಿಕೊಳ್ಳುವಷ್ಟು ಕಡಿಮೆ ಮಾಡುವುದಿಲ್ಲ ಎಂದು ಗೊತ್ತಾದ ಮೇಲೆ ಮಾರುವವರೇ ಅದಕ್ಕೆ ‘ಡೆನಿಮ್ ಪೈನ್’ ಎಂದು ಹೆಸರಿಟ್ಟರು. ಜೀನ್ಸ್ ಪ್ಯಾಂಟಿನ ಹೆಸರಲ್ಲಿ ಹುಳು ತಿಂದ ಮರ ಖರ್ಚಾಯಿತು. ವ್ಯಾಪಾರ ಎಂದರೆ ಇದು!

2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ರಿಚ್ಮಂಡ್ ಓವಲ್ ಕ್ರೀಡಾಂಗಣದ ಅಲೆಯಾಕಾರದ ಚಾವಣಿಗೆ ಬಳಸಿದ್ದೂ ಈ ಮರವನ್ನೇ. ಸ್ಕೇಟಿಂಗ್ ನೋಡಲು ಬಂದ ಜಗತ್ತು ತಲೆಯೆತ್ತಿದರೆ ಕಾಣುತ್ತಿದ್ದದ್ದು ಹುಳು ಕೊಂದ ಪೈನ್.

> 51 ವರ್ಷ ಕಾದ ಹುಳು
> ಒಣಮರವನ್ನು ಹೆಚ್ಚಾಗಿ ತಿನ್ನುವುದು ಕೊಂದ ಹುಳುವಲ್ಲ, ಆಮೇಲೆ ಬರುವ ಕೊರಕಗಳು. ಹೊಂಬಣ್ಣದ ‘ಬುಪ್ರೆಸ್ಟಿಸ್ ಆರುಲೆಂಟಾ’ ಎಂಬ ಉತ್ತರ ಅಮೆರಿಕದ ದುಂಬಿಯ ಮರಿ ಒಣಗಿದ ಮರದಲ್ಲಿ ಆಹಾರ ಸಾಲದೆ ದಶಕಗಟ್ಟಲೆ ಮರಿಯಾಗಿಯೇ ಉಳಿಯುತ್ತದೆ. ಮರದೊಳಗೆ 51 ವರ್ಷ ಕಳೆದು ಇಂಥದೊಂದು ಹೊರಬಂದದ್ದು ದಾಖಲಾಗಿದೆ. ಒಣಗಿದ ದಿಮ್ಮಿಯನ್ನೂ ಮತ್ತೆ ಬಿಸಿಗೂಡಿಗೆ ಹಾಕುವುದು ಇದಕ್ಕಾಗಿಯೇ. ವಿದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಇರುವ ಜಾಗತಿಕ ನಿಯಮವೂ ಅದೇ: ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಕಾಯಬೇಕು.

ಒಣಮರ ಎಂದ ಮಾತ್ರಕ್ಕೆ

‘ನಿಂತಲ್ಲೇ ಒಣಗಿದ್ದು’ ಎಂಬ ಬೋರ್ಡು ನೋಡಿ ಮುಂಗಡ ಕೊಟ್ಟವರು ಮೋಸ ಹೋಗುವುದಿದೆ. ಕಳೆದ ವರ್ಷ ಸತ್ತ ಮರವೂ ನಿಂತ ಮರವೇ, ಅದರ ಹೊಟ್ಟೆ ಇನ್ನೂ ಹಸಿ. ಒಂದೇ ಮರದಲ್ಲಿ ಮೇಲಿನ ಭಾಗ ಒಣಗಿ, ನೆಲಕ್ಕೆ ತಾಗಿದ ಬುಡ ನೀರು ಹಿಡಿದಿರುತ್ತದೆ. ಮೀಟರಿನ ಮೊಳೆ ಹೋಗುವುದು ಒಂದು ಸೆಂಟಿಮೀಟರಿನಷ್ಟು ಮಾತ್ರ. ಹಾಗಾಗಿ ಹೊರಮೈಗೆ ಚುಚ್ಚಿ ತೋರಿಸುವ ಅಂಕಿಯನ್ನು ನಂಬಬಾರದು. ದಿಮ್ಮಿಯ ತುದಿಯಿಂದ ಒಂದೆರಡು ಅಡಿ ಕೊಯ್ದು ತೆಗೆದು, ಆ ಹೊಸ ಮೈಗೆ ಚುಚ್ಚಬೇಕು.

ಬಿರುಕು ಇದ್ದೇ ಇರುತ್ತದೆ. ನನಗೆ ಇದು ದೋಷಕ್ಕಿಂತ ಅನುಕೂಲವಾಗಿಯೇ ಕಾಣುತ್ತದೆ. ಹಸಿ ದಿಮ್ಮಿ ಎಲ್ಲಿ ಸೀಳುತ್ತದೆ, ಎತ್ತ ತಿರುಚುತ್ತದೆ ಎಂದು ಯಾರೂ ಹೇಳಲಾರರು. ಒಣಮರ ತನ್ನ ಗುಣವನ್ನು ಆಗಲೇ ತೋರಿಸಿಬಿಟ್ಟಿರುತ್ತದೆ. ಬಿರುಕು ನೆಟ್ಟಗಿದ್ದರೆ ಗೋಡೆಗೆ ಇಡಬಹುದು. ಕಾಂಡವನ್ನು ಬಳಸಿ ಸುತ್ತು ಹಾಕಿದ್ದರೆ, ಅದರಲ್ಲೂ ಎಡಕ್ಕೆ ಸುತ್ತಿದ್ದರೆ, ಅದು ಸೌದೆಗೆ ಲಾಯಕ್ಕು. ಗೋಡೆಯಲ್ಲಿ ಕೂರಿಸುವಾಗ ಬಾಯಿ ಮೇಲೆ ಮಾಡಿದ ಬಿರುಕು ಹೊರಗಡೆ ಬಾರದಂತೆ ತಿರುಗಿಸಬೇಕು. ಇಲ್ಲವಾದರೆ ಮಳೆನೀರು ಒಳಗಿಳಿದು, ನಿಂತಾಗ ಕೊಳೆಯದ ಮರ ಮಲಗಿದ ಮೇಲೆ ಕೊಳೆಯುತ್ತದೆ.

ಕೈಯಿಂದಲೇ ಕಚ್ಚು ಕಡಿದು ಕೂಡಿಸುವ ಹಳೆಯ ಕಸುಬಿನವರಲ್ಲಿ ಹಲವರಿಗೆ ಇವತ್ತಿಗೂ ಹಸಿ ಮರವೇ ಇಷ್ಟ. ಅದು ಉಳಿಗೆ ಮೆತ್ತಗೆ ಸಿಗುತ್ತದೆ, ತೊಗಟೆ ಉದ್ದುದ್ದಕ್ಕೆ ಸುಲಿದು ಬರುತ್ತದೆ. ಒಣಮರ ಉಳಿಯ ಬಾಯಿ ಮುರಿಯುತ್ತದೆ, ಗರಗಸದ ಸರಪಳಿಯನ್ನು ಬೇಗ ಮೊಂಡು ಮಾಡುತ್ತದೆ. ಇಳಿಯುವ ಗೋಡೆಗೆ ಲೆಕ್ಕ ಹಾಕಿ ಕಟ್ಟಲು ಬಾರದವರು ಒಣಮರ ಹುಡುಕುತ್ತಾರೆ ಎಂದು ಅವರು ಹಂಗಿಸುವುದೂ ಉಂಟು. ಕಸುಬುದಾರರ ಜಗಳ, ನಡುವೆ ಹೋಗುವುದು ಬೇಡ.

ಕೊಲರಾಡೊದಲ್ಲಿ ಪೈನ್‌ಗಿಂತ ಹೆಚ್ಚು ಬಾಳುವ ಒಣಮರ ಎಂಗಲ್‌ಮನ್ ಸ್ಪ್ರೂಸ್. 1939ರ ಬಿರುಗಾಳಿಗೆ ವೈಟ್ ರಿವರ್ ಕಾಡಿನಲ್ಲಿ ಉರುಳಿದ ಮರಗಳಲ್ಲಿ ಸ್ಪ್ರೂಸ್ ಬೀಟಲ್ ಬೆಳೆದು, ಮುಂದಿನ ಸುಮಾರು ಹತ್ತು ವರ್ಷ ಕಾಡನ್ನೇ ಮೇಯಿತು. ಸತ್ತ ಮರಗಳಲ್ಲಿ ಹೆಚ್ಚಿನವು ಇಪ್ಪತ್ತು ವರ್ಷದ ನಂತರವೂ ನಿಂತೇ ಇದ್ದವು.

ಬೇಕೆಂದೇ ಕೊಲ್ಲುತ್ತಿದ್ದ ಕಾಲ

ಹುಳುವಿಗಾಗಿ ಕಾಯದೆ ಮನುಷ್ಯರೇ ಮರವನ್ನು ನಿಂತಲ್ಲೇ ಕೊಂದು ಒಣಗಿಸಿದ್ದೂ ಇದೆ. ಬರ್ಮಾದ ತೇಗದ ವ್ಯಾಪಾರವೆಲ್ಲ ನಿಂತಿದ್ದು ಇದರ ಮೇಲೆ.

ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ರಸ್ತೆಯಿಲ್ಲದ ಕಾಡಿನಿಂದ ದಿಮ್ಮಿ ರಂಗೂನ್ ಮುಟ್ಟಬೇಕಾದರೆ ಐರಾವತಿ ನದಿಯೇ ಗತಿ. ಅದಕ್ಕೆ ಬುಡದ ಸುತ್ತ ತೊಗಟೆ, ಬಿಳಿಮರ ಎರಡನ್ನೂ ಕಡಿದು ಚೇಗಿನವರೆಗೆ ಉಂಗುರ ತೆಗೆಯುತ್ತಿದ್ದರು. ಮೇಲಕ್ಕೆ ನೀರು ಹೋಗದೆ ಮರ ಸಾಯುತ್ತದೆ. ಎರಡು-ಮೂರು ವರ್ಷ ಹಾಗೇ ಬಿಟ್ಟು, ಒಣಗಿದ ಮೇಲೆ ಉರುಳಿಸಿ, ಆನೆಗಳಿಂದ ತೊರೆಗೆ ಎಳೆಸಿ, ಮಳೆಗಾಲದ ನೆರೆಗೆ ಬಿಡುತ್ತಿದ್ದರು. 1856ರಲ್ಲಿ ಬರ್ಮಾದ ತೇಗದ ಕಾಡುಗಳ ಹೊಣೆ ಹೊತ್ತು, ಮುಂದೆ ಭಾರತದ ಅರಣ್ಯ ಇಲಾಖೆಗೇ ಅಡಿಪಾಯ ಹಾಕಿದ ಡೀಟ್ರಿಚ್ ಬ್ರಾಂಡಿಸ್, ಯಾವ ದಪ್ಪದ ಮರಕ್ಕೆ, ವರ್ಷಕ್ಕೆ ಎಷ್ಟು ಮರಕ್ಕೆ ಉಂಗುರ ಕಡಿಯಬಹುದು ಎಂದು ಲೆಕ್ಕ ಕಟ್ಟಿಕೊಟ್ಟ. ಮರ ಸಾಯುವುದಕ್ಕೂ ಒಂದು ಕಡತ!

> ನಮ್ಮ ಕಾಡಿನ ಒಣಮರ
> ಬಂಡೀಪುರ, ನಾಗರಹೊಳೆಯ ರಸ್ತೆಯಲ್ಲಿ ಹೋಗುವಾಗ ಒಣಮರಗಳು ಹಾಗೇ ನಿಂತಿರುವುದನ್ನು ಕಂಡು ‘ಇಷ್ಟೊಂದು ನಾಟಾ ಹಾಳಾಗುತ್ತಿದೆಯಲ್ಲ’ ಎನ್ನುವವರಿದ್ದಾರೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಬಾರದು ಎಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ಆದೇಶಿಸಿತು. ಮರಕುಟಿಗ ಕೊರೆದ ಪೊಟರೆಯಲ್ಲಿ ಮುಂದೆ ಗೂಬೆ, ಮೈನಾ, ಗಿಳಿಗಳು ಬಾಡಿಗೆ ಕೊಡದೆ ಸಂಸಾರ ಹೂಡುತ್ತವೆ.

ಬೆಳ್ಳಿ ಮರದ ಕೊನೆ

ಈಗ ರೀಲ್ಸ್‌ನಲ್ಲಿ ಕಾಣುವ ಆ ಲ್ಯಾಪ್‌ಲ್ಯಾಂಡಿನ ಮನೆಗಳಿಗೆ ಬರೋಣ. ಸಾರಿಸೆಲ್ಕಾ, ಲೆವಿ ಕಡೆಯ ಹಲವು ದುಬಾರಿ ಕ್ಯಾಬಿನ್‌ಗಳ ಗೋಡೆ ‘ಕೆಲೋ’ ಎಂಬ ಮರದ್ದು. ಜಾತಿ ಮಾಮೂಲಿ ಸ್ಕಾಟ್ಸ್ ಪೈನ್. ಆದರೆ ಎಲ್ಲ ಒಣಗಿದ ಸ್ಕಾಟ್ಸ್ ಪೈನ್ ಕೆಲೋ ಆಗುವುದಿಲ್ಲ.

ಮುನ್ನೂರು ನಾನೂರು ವರ್ಷ ಬದುಕಿದ ಮರವಾಗಬೇಕು. ವರ್ಷಕ್ಕೆ ಕೂದಲೆಳೆಯಷ್ಟು ಬೆಳೆದು ಉಂಗುರಗಳು ಒತ್ತೊತ್ತಾಗಿರಬೇಕು. ಸಾಯುವುದೂ ನಿಧಾನ: ಒಂದು ಕೊಂಬೆ ಈ ದಶಕ, ಇನ್ನೊಂದು ಮುಂದಿನ ದಶಕ. ಅಷ್ಟು ಹೊತ್ತಿಗೆ ಮರದ ಮೈತುಂಬ ರಾಳ ತುಂಬಿರುತ್ತದೆ. ತೊಗಟೆ ಉದುರಿದ ಮೇಲೆ ಬಿಸಿಲು, ಹಿಮ, ಗಾಳಿಗೆ ಕಾಂಡ ಬೆಳ್ಳಿಯ ಬಣ್ಣಕ್ಕೆ ತಿರುಗಿ ಮತ್ತೆ ದಶಕಗಟ್ಟಲೆ, ಕೆಲವೊಮ್ಮೆ ನೂರಾರು ವರ್ಷ, ನಿಂತಿರುತ್ತದೆ. ಇದನ್ನು ಗೋಡೆಗಿಟ್ಟರೆ ಬಹುತೇಕ ಕುಸಿಯುವುದೇ ಇಲ್ಲ. ಬಣ್ಣ ಬೇಡ, ಪಾಲಿಶ್ ಬೇಡ.

ಕಟ್ಟುವವನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಮರ ಇಲ್ಲ. ಹುಳು ಕೊಂದ ಪೈನ್ ಜೊತೆ ಇದನ್ನೂ ‘ಸತ್ತ ಮರ, ಬಳಸಿದರೆ ಪುಣ್ಯ’ ಎಂಬ ಒಂದೇ ಸಾಲಿನಲ್ಲಿ ಸೇರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಕೊಲರಾಡೊದಲ್ಲಿ ನಾಲ್ಕು ವರ್ಷಕ್ಕೆ ಒಂದು ಒಣಮರ ತಯಾರು. ಇವತ್ತು ಕಡಿದ ಕೆಲೋ ಜಾಗದಲ್ಲಿ ಇನ್ನೊಂದು ನಿಲ್ಲಬೇಕಾದರೆ ಐದಾರು ಶತಮಾನ ಬೇಕು. ಅಷ್ಟು ಕಾಲ ಗರಗಸ ಮುಟ್ಟದ ಕಾಡೂ ಬೇಕು. ಕೊಯ್ಲಿಗೆಂದೇ ಬೆಳೆಸುವ ಇಂದಿನ ಪೈನ್ ಕಾಡಿನಲ್ಲಿ ನೂರು ವರ್ಷದ ಆಸುಪಾಸಿನಲ್ಲೇ ಮರ ಕಟಾವಿಗೆ ಬರುತ್ತದೆ. ಅಲ್ಲಿ ಕೆಲೋ ಹುಟ್ಟುವುದಾದರೂ ಹೇಗೆ?

ಸತ್ತ ಮರವನ್ನೇ ನೆಚ್ಚಿ ಬದುಕುವ ಜೀವಿಗಳು ಫಿನ್ಲೆಂಡಿನಲ್ಲಿ ನಾಲ್ಕರಿಂದ ಐದು ಸಾವಿರ ಬಗೆ. ಅಲ್ಲಿನ ಕಾಡಿನ ಒಟ್ಟು ಜೀವಿಗಳಲ್ಲಿ ಕಾಲು ಭಾಗದ ಹತ್ತಿರ. ಇವುಗಳಲ್ಲಿ ಕೆಲವು ಅಣಬೆಗಳಿಗೆ ಕೆಲೋ ಮರವೇ ಬೇಕು. ಅದಕ್ಕೇ ಕಾಡನ್ನು ಸರಿಯಾಗಿ ನೋಡಿಕೊಂಡವರಿಗೆ ಕೊಡುವ ಪ್ರಮಾಣಪತ್ರದ ನಿಯಮಗಳು ಹಳೆಯ ಒಣಮರಗಳನ್ನು ಹಾಗೇ ಬಿಡಲು ಹೇಳುತ್ತವೆ. ತಮ್ಮ ಕಾಡಿನದನ್ನು ಉಳಿಸಿಕೊಂಡ ಫಿನ್ಲೆಂಡಿನ ಕಟ್ಟಡದವರು ಗಡಿಯಾಚೆಯ ರಷ್ಯಾದಿಂದ ಕೆಲೋ ತರಿಸಿದರು. ಪಕ್ಕದ ಮನೆಯ ಹಿತ್ತಲಾದರೆ ಪರವಾಗಿಲ್ಲ ಎಂಬ ಲೆಕ್ಕ.

ಉಕ್ರೇನ್ ಯುದ್ಧ ಶುರುವಾಗಿ, 2022ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ ಮರದ ಆಮದನ್ನು ನಿಷೇಧಿಸಿತು. ಪರಿಸರದ ವಾದ ಮುಚ್ಚಿಸಲಾಗದ ಬಾಗಿಲನ್ನು ಯುದ್ಧ ಮುಚ್ಚಿಸಿತು. ಫಿನ್ಲೆಂಡಿನ ದಿಮ್ಮಿ ಮನೆ ಕಾರ್ಖಾನೆಗಳು ಆಗಲೇ ಬೇರೆ ದಾರಿ ಹಿಡಿದಿದ್ದವು. ಒಣಗಿಸಿದ ಹಲಗೆಗಳನ್ನು ಅಂಟಿಸಿ, ನಡುವಿನ ಪದರವನ್ನು ನೆಟ್ಟಗೆ ನಿಲ್ಲಿಸಿ, ಕುಸಿಯದ ದಿಮ್ಮಿ ಮಾಡುತ್ತಾರೆ. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎಂಬ ಅದೇ ಗುಣವನ್ನು ಇಲ್ಲಿ ದುಡಿಸಿಕೊಂಡಿದ್ದಾರೆ. ಕೆಲೋ ಐದು ಶತಮಾನದಲ್ಲಿ ಮಾಡಿದ ಕೆಲಸ ಅಂಟಿನ ಪ್ರೆಸ್ಸಿನಲ್ಲಿ ಮುಗಿಯುತ್ತದೆ. ನೋಡಲು ಅಷ್ಟು ಚೆಂದವಿಲ್ಲ, ನಿಜ. ಗೋಡೆಯ ಮಟ್ಟಿಗೆ ಕೆಲಸ ಅದೇ.

ಕಷ್ಟಕ್ಕೆ ಸಿಕ್ಕಿರುವವರು ಈಗಾಗಲೇ ಕೆಲೋ ಕ್ಯಾಬಿನ್ ಇರುವವರು. ಯಾವ ದಿಮ್ಮಿ ಮನೆಯಾದರೂ ಮೊದಲು ಹೋಗುವುದು ನೆಲದ ಹತ್ತಿರದ ಸುತ್ತು. ಹಿಮ ಕೂರುವುದು ಅಲ್ಲಿ, ಸೂರಿನ ನೀರು ಚಿಮ್ಮುವುದೂ ಅಲ್ಲಿ. ಸೂಜಿ ಮೊಳೆಯಿಂದ ಚುಚ್ಚಿ ನೋಡಿ ಮೆತ್ತಗೆ ಕಂಡರೆ, ಮನೆಯನ್ನು ಜಾಕ್ ಕೊಟ್ಟು ಎತ್ತಿ ಆ ಒಂದು ದಿಮ್ಮಿ ಬದಲಿಸುವ ವಿದ್ಯೆ ಅಲ್ಲಿನ ಬಡಗಿಗಳಿಗೆ ಚೆನ್ನಾಗಿ ಗೊತ್ತು. ಬದಲಿಗೆ ಇಡುವ ದಿಮ್ಮಿ ಮಾತ್ರ ಇನ್ನು ಕಾಡಿನಿಂದ ಸಿಗುವುದು ಕಷ್ಟ. ಇನ್ನೊಬ್ಬರು ಕೆಡವಿದ ಕೆಲೋ ಮನೆಯಿಂದ ಬರಬೇಕು.